ಇದು ಕ್ಯಾಟಲಾಗೋ, ಕಲಾಕೃತಿಯೋ?

ಕಲೆಯ ಪುಸ್ತಕವೊಂದು ಕೈಗೆ ಬಂದ ಕೂಡಲೇ ಚಿತ್ರದ ಅಡಿಬರಹ ನೋಡಿ. ‘ಕ್ಯಾನ್ವಾಸ್ ಮೇಲೆ ತೈಲವರ್ಣ, 120 × 90 ಸೆಂ.ಮೀ.’ ಎಂದಿದ್ದರೆ ಆ ಪುಟ ಬೇರೆಲ್ಲೋ ಗೋಡೆಯ ಮೇಲಿರುವ ಕೃತಿಯತ್ತ ಬೆರಳು ತೋರಿಸುತ್ತಿದೆ; ಅದು ಕ್ಯಾಟಲಾಗ್, ಅಂದರೆ ಪ್ರದರ್ಶನದ ಕೃತಿಗಳನ್ನು ಪರಿಚಯಿಸುವ ಪುಸ್ತಕ. ಪುಟಗಳ ಸರಣಿಯೇ ಕೃತಿಯಾಗಿದ್ದರೆ ಅದು ಕಲಾವಿದರ ಪುಸ್ತಕ. ತೊಡಕೆಲ್ಲ ಎರಡೂ ಆಗಿರುವ ಪುಸ್ತಕಗಳದ್ದು.

ಪ್ರಕಾಶಕರಾದ ಸೆತ್ ಸೀಗೆಲಾಬ್ ಮತ್ತು ಜಾಕ್ ವೆಂಡ್ಲರ್ 1968ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತಂದ ‘ಜೆರಾಕ್ಸ್ ಪುಸ್ತಕ’ವನ್ನೇ ತೆಗೆದುಕೊಳ್ಳಿ. ಏಳು ಕಲಾವಿದರು, ಒಬ್ಬೊಬ್ಬರಿಗೂ 25 ಪುಟ. ಗ್ಯಾಲರಿಯಿಲ್ಲ, ಪುಸ್ತಕವೇ ಪ್ರದರ್ಶನ. ಅವರಲ್ಲೊಬ್ಬರಾದ ರಾಬರ್ಟ್ ಬ್ಯಾರಿ ತಮ್ಮ ಪುಟಗಳನ್ನು ಹತ್ತು ಲಕ್ಷ ಚುಕ್ಕೆಗಳಿಂದ ತುಂಬಿದರು, ಅಂದರೆ ಪುಟಕ್ಕೆ 40,000. ಇದನ್ನು ಕುಗ್ಗಿಸಿ ಮತ್ತೊಂದು ಪುಸ್ತಕದಲ್ಲಿ ಅಚ್ಚು ಹಾಕಿದರೆ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಬರೀ ಬೂದು ಬಣ್ಣ ಉಳಿಯುತ್ತದೆ. ಮೂಲ ಪುಟದಲ್ಲಿ ಕೃತಿಯಾಗಿದ್ದದ್ದು ಇಲ್ಲಿ ಕೃತಿಯ ಚಿತ್ರವಷ್ಟೆ. (ಹೆಸರು ಜೆರಾಕ್ಸ್ ಆದರೂ 1,000 ಪ್ರತಿಗಳಿಗೆ ನಕಲು ಯಂತ್ರ ದುಬಾರಿಯಾಗಿ, ಕೊನೆಗೆ ಆಫ್‌ಸೆಟ್‌ನಲ್ಲೇ ಮುದ್ರಿಸಿದರು.)

ಅಮೆರಿಕದ ಕಲಾವಿಮರ್ಶಕಿ ಲೂಸಿ ಲಿಪ್ಪಾರ್ಡ್ 1969ರಲ್ಲಿ ಸಿಯಾಟಲ್‌ನಲ್ಲಿ ಏರ್ಪಡಿಸಿದ ಪ್ರದರ್ಶನದ ಹೆಸರು ‘557,087’, ಅದು ಆ ಊರಿನ ಆಗಿನ ಜನಸಂಖ್ಯೆ. ಕ್ಯಾಟಲಾಗ್ ಎಂದರೆ 95 ಬಿಡಿ ಕಾರ್ಡುಗಳು. ಓದುಗರು ಬೇಕಾದಂತೆ ಜೋಡಿಸಿಕೊಳ್ಳಬಹುದು. ಇಂಥದ್ದನ್ನು ಗ್ರಂಥಾಲಯದಲ್ಲಿ ಬೈಂಡ್ ಮಾಡಿಸುವುದು ದೊಡ್ಡ ತಪ್ಪು. ಕ್ರಮ ಗಟ್ಟಿಯಾದರೆ ಕೃತಿಯ ಅರ್ಧ ಜೀವ ಹೋದಂತೆ. ಆಮ್ಲರಹಿತ ಪೆಟ್ಟಿಗೆಯಲ್ಲಿಡಿ, ಕಾರ್ಡುಗಳ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಬರೆಯಿರಿ, ಓದುಗರಿಗೆ ಕೊಡುವಾಗಲೂ ವಾಪಸ್ ಪಡೆಯುವಾಗಲೂ ಎಣಿಸಿ. ಕಾರ್ಡುಗಳ ಮೇಲೆ ಮೊಹರು, ಕ್ರಮಸಂಖ್ಯೆ ಯಾವುದೂ ಬೇಡ.

ಇನ್ನು ಇಂಥ ಪುಸ್ತಕ ಮಾಡುವವರಿಗೆ. ಪ್ರದರ್ಶನದ ಕ್ಯಾಟಲಾಗೇ ಕೃತಿಯೂ ಆಗಲಿ ಎಂದು ಹೊರಟವರು ಹೆಚ್ಚಾಗಿ ಎಡವುವುದು ವಿಮರ್ಶಕರ ಲೇಖನದ ಹತ್ತಿರ. ಅದು ಸರಣಿಯ ನಡುವೆ ಬಂದು ಕೂತರೆ ಪುಟ ತಿರುಗಿಸುವ ಲಯ ಮುರಿಯುತ್ತದೆ. ಲೇಖನ, ಕೃತಿಪಟ್ಟಿ, ಕೃತಜ್ಞತೆ ಎಲ್ಲವನ್ನೂ 8 ಅಥವಾ 16 ಪುಟದ ಬೇರೆ ಕಿರುಹೊತ್ತಿಗೆ ಮಾಡಿ ಹಿಂಬದಿಯ ಜೇಬಿನಲ್ಲಿಡುವುದು ಒಳ್ಳೆಯದು. ಎದುರುಬದುರು ಪುಟಗಳಿಗೆ ಹರಡಿದ ಚಿತ್ರವಿದ್ದರೆ ಗೋಂದು ಬೈಂಡಿಂಗ್ ಬೇಡವೇ ಬೇಡ. ನಡುವಿನ ಕೆಲವು ಮಿಲಿಮೀಟರ್ ಚಿತ್ರವನ್ನು ಬೆನ್ನೇ ನುಂಗುತ್ತದೆ. ಹೊಲಿಗೆ ಹಾಕಿಸಿ, ಆ ಚಿತ್ರವನ್ನು ಫಾರಂನ (ಒಟ್ಟಿಗೆ ಮಡಚಿ ಹೊಲಿಯುವ ಪುಟಗಳ ಕಟ್ಟಿನ) ನಟ್ಟನಡುವೆ ಬರುವಂತೆ ಕೂರಿಸಿ. ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾಂತರವಾಗಿರಲಿ, ಅಡ್ಡವಾದರೆ ಹಾಳೆ ಅಲೆಯಲೆಯಾಗಿ ಏಳುತ್ತದೆ.

ಗ್ರಂಥಾಲಯದ ದಾಖಲೆಯಲ್ಲಿ ‘ಪ್ರದರ್ಶನದ ಕ್ಯಾಟಲಾಗ್’, ‘ಕಲಾವಿದರ ಪುಸ್ತಕ’ ಎರಡನ್ನೂ ಬರೆಯಿರಿ. ಒಂದನ್ನೇ ಬರೆದರೆ ಇನ್ನೊಂದು ಹೆಸರಿನಲ್ಲಿ ಹುಡುಕುವವರಿಗೆ ಆ ಪುಸ್ತಕ ಸಿಗುವುದೇ ಇಲ್ಲ.