ಹೊಗೆ ಅಟ್ಟದ ಮೇಲಿನ ಟ್ರಂಕು

ಅಮ್ಮನ ಹದಿಮೂರನೇ ದಿನದ ಊಟ ಮುಗಿದು ನೆಂಟರೆಲ್ಲ ಹೊರಟರು. ಮಾರನೇ ದಿನ ಬೆಳಿಗ್ಗೆ ಅಕ್ಕ ಮತ್ತು ನಾನು ಅಡುಗೆಮನೆಯ ಅಟ್ಟ ಹತ್ತಿದೆವು. ಅಲ್ಲಿ ಅಮ್ಮನ ಟ್ರಂಕು ಇತ್ತು. ಮುಚ್ಚಳ ತೆಗೆದಾಗ ಹೊಗೆಯ ವಾಸನೆ ಬಂತು. ಅಮ್ಮನ ಸೀರೆಗೂ ಅದೇ ವಾಸನೆ ಇರುತ್ತಿತ್ತು.

ನಮ್ಮದು ತೀರ್ಥಹಳ್ಳಿ ಕಡೆಯ ಊರು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪುಸ್ತಕ ಉಳಿಯುತ್ತದಾ? ಎರಡೇ ವಾರಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಅಮ್ಮ ತನ್ನ ಪುಸ್ತಕಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದಳು. ಪುಸ್ತಕ ಅಂದರೆ ಹೆಚ್ಚಿನವು ಅವಳೇ ಹೊಲಿದವು. 1965ರಲ್ಲಿ 'ಸುಧಾ' ಶುರುವಾದಾಗ ಅಮ್ಮನಿಗೆ 34 ವರ್ಷ, ನಾಲ್ಕು ಮಕ್ಕಳು. ವಾರ ವಾರ ಬರುವ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ ಎತ್ತಿಡುತ್ತಿದ್ದಳು. ಕಥೆ ಮುಗಿದ ಮೇಲೆ ದಬ್ಬಣದಲ್ಲಿ ತೂತು ಮಾಡಿ, ಗೋಣಿ ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದಳು. ಅಂಟಿಗೆ ಮೈದಾ ಹಿಟ್ಟು. ಹುಳ ತಿನ್ನಬಾರದು ಅಂತ ಅದಕ್ಕೆ ಒಂದು ಚಿಟಿಕೆ ಮೈಲುತುತ್ತ. ಅದು ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಅಪ್ಪಯ್ಯ ತಂದಿಟ್ಟದ್ದು. "ಎಂತ, ತುತ್ತ ಕಮ್ಮಿ ಆದ ಹಾಗಿದೆ" ಅಂತ ಅಪ್ಪಯ್ಯ ಪ್ರತಿ ವರ್ಷ ಕೇಳುತ್ತಿದ್ದರು.

ಅಮ್ಮ ಓದಿದ್ದು ಏಳನೇ ಕ್ಲಾಸು. ನಮ್ಮ ಕಡೆಯವರೇ ಆದ ಎಂ.ಕೆ. ಇಂದಿರಾ ಅವರ ಮೇಲೆ ಅವಳಿಗೆ ತುಂಬಾ ಅಭಿಮಾನ. ಇಂದಿರಾ ಅವರದೂ ಶಾಲೆ ಬೇಗ ನಿಂತದ್ದು. ಮೊದಲ ಕಾದಂಬರಿ ಬಂದದ್ದು 1963ರಲ್ಲಿ, ವಯಸ್ಸು ನಲವತ್ತೈದು ಕಳೆದಿತ್ತು. "ನೋಡು, ನಲವತ್ತೈದಕ್ಕೆ ಏನೂ ಮುಗಿದಿರುವುದಿಲ್ಲ" ಅಂತ ನಮಗೆ ಹೇಳುತ್ತಿದ್ದಳು. ತಾನೂ ಬರೆಯಬೇಕು ಅಂತ ಯಾವತ್ತೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಅವಳ ಓದು ಅವಳೊಬ್ಬಳದೇ ಆಗಿರಲಿಲ್ಲ. ಚಳಿಗಾಲದಲ್ಲಿ ಅಡಿಕೆ ಸುಲಿಯಲು ಏಳೆಂಟು ಹೆಂಗಸರು ಬರುತ್ತಿದ್ದರು. ಲಾಟೀನಿನ ಬೆಳಕು, ಮೆಟ್ಟುಗತ್ತಿಯ ಸದ್ದು, ನಡುವೆ ಅಮ್ಮನ ಕಥೆ. ಮಳೆಗಾಲದಲ್ಲಿ ಓದಿದ್ದೆಲ್ಲ ಆಗ ಹೊರಗೆ ಬರುತ್ತಿತ್ತು. "ಅಮ್ಮಾ, ಆ ಹುಡುಗಿ ಕಡೆಗೆ ಎಂತ ಆದ್ಲು?" ಅಂತ ಅವರು ಕೇಳಿದರೆ ಅಮ್ಮ ನಗುತ್ತಿದ್ದಳು. ಮುಂದಿನದು ನಾಳೆ ರಾತ್ರಿ.

ತೊಂಬತ್ತೆರಡು ವರ್ಷ ಬದುಕಿದಳು. ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೂ ಭೂತಗನ್ನಡಿ ಹಿಡಿದು ಓದುತ್ತಿದ್ದಳು. ಕಡೆಯ ಎರಡು ವರ್ಷ ಅದೂ ಆಗಲಿಲ್ಲ. ದಿನಾ ಸಂಜೆ ಬೆಂಗಳೂರಿನಿಂದ ಫೋನ್ ಮಾಡಿ ಅರ್ಧ ಗಂಟೆ ನಾನೇ ಓದುತ್ತಿದ್ದೆ. ಆಫೀಸಿನ ಆಯಾಸದಲ್ಲಿ ಒಮ್ಮೊಮ್ಮೆ ಬೇಗ ಬೇಗ ಓದಿಬಿಡುತ್ತಿದ್ದೆ. "ನಿಧಾನ ಮಾರಾಯ್ತಿ, ಅವಳಿನ್ನೂ ಮೆಟ್ಟಿಲು ಇಳಿದಿಲ್ಲ" ಅನ್ನುತ್ತಿದ್ದಳು. ಆಗ ಆ ಸಾಲಿಗೆ ವಾಪಸ್ ಹೋಗಿ ಮತ್ತೆ ಓದಬೇಕಿತ್ತು.

ಟ್ರಂಕಿನ ತಳದಲ್ಲಿದ್ದ ಒಂದು ಹೊಲಿದ ಪುಸ್ತಕವನ್ನು ಅಕ್ಕ ತೆಗೆದಳು. ನಡುವೆ ಅಚ್ಚಿನ ಹಾಳೆ ನಿಂತು, ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಗಳು ಶುರುವಾಗಿದ್ದವು. ಆ ಕಥೆ ಅಕ್ಕನಿಗೆ ಗೊತ್ತಿತ್ತು. ಆ ವರ್ಷ ಹೊಳೆ ಬಂದು ಬಸ್ಸು ನಿಂತು ಒಂದು ವಾರದ ಸಂಚಿಕೆ ಊರಿಗೆ ತಲುಪಲಿಲ್ಲ. ನೀರು ಇಳಿದ ಮೇಲೆ ಅಪ್ಪಯ್ಯ ಪೇಟೆಯ ನೆಂಟರ ಮನೆಯಿಂದ ತಂದರು. ಮಾರನೇ ದಿನವೇ ವಾಪಸ್ ಕೊಡಬೇಕಿತ್ತು. ಅಮ್ಮ ರಾತ್ರಿ ಕೂತು ಅಷ್ಟನ್ನೂ ನಕಲು ಮಾಡಿದಳು.

ನಾವು ಹಾಳೆ ತಿರುಗಿಸಿದೆವು. ಅಮ್ಮನ ದುಂಡು ಅಕ್ಷರ, ಚಿಮಣಿ ದೀಪದ ಎಣ್ಣೆಯ ಕಲೆ. ಐದನೇ ಪುಟದ ಅರ್ಧಕ್ಕೆ ಅಕ್ಷರ ಬದಲಾಯಿತು. ಉದ್ದಕ್ಕೆ, ಬಲಕ್ಕೆ ವಾಲಿದ ಅಕ್ಷರ. ಅಡಿಕೆ ಲೆಕ್ಕದ ಪುಸ್ತಕದಲ್ಲಿ ನಾವು ನೋಡಿದ್ದ ಅಕ್ಷರ. ಅಪ್ಪಯ್ಯ ಕಾದಂಬರಿ ಮುಟ್ಟಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಅಲ್ಲಿಂದ ಕಡೆಯ ತನಕ, ಒಟ್ಟು ಮೂರು ಪುಟ, ಒಂದು ಪದವನ್ನೂ ಬಿಡದೆ ಬರೆದಿದ್ದರು. ಆ ರಾತ್ರಿ ಅಮ್ಮನಿಗೆ ನಿದ್ದೆ ಬಂದಿರಬೇಕು.