ಡ್ರೈ ಐಸ್ ಮತ್ತು ಎರಡು ತಟ್ಟೆ ಸ್ಟ್ರಾಬೆರಿ

ಮಗಳು, ಅವಳ ಗೆಳತಿ ಇಬ್ಬರೂ ಸೈನ್ಸ್ ಫೇರ್‌ಗೆ ಡ್ರೈ ಐಸ್ (ಹೆಪ್ಪುಗಟ್ಟಿ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಪ್ರಯೋಗ ಮಾಡ್ತೀವಿ ಅಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಅದರಿಂದ ಏನು ತಿಳ್ಕೋಬೇಕು ಅಂತಿದ್ದೀರಿ? ಇಬ್ಬರೂ ಮುಖ ಮುಖ ನೋಡಿಕೊಂಡರು. "ಹೊಗೆ ಬರುತ್ತಲ್ಲ" ಅಂದಳು ಮಗಳು.

ಹೊಗೆ ನನಗೂ ಇಷ್ಟ. ಅದು ಹೊಗೆ ಅಲ್ಲ, ಚಳಿಗೆ ಗಾಳಿಯಲ್ಲಿರುವ ನೀರಾವಿ ಹನಿಗಟ್ಟಿ ಬಿಳಿಯಾಗಿ ಕಾಣುತ್ತದೆ, ನಿಜವಾದ ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣುವುದೇ ಇಲ್ಲ. ಇದನ್ನು ಹೇಳಿದ ಮೇಲೆ ಮಾತು ಬೇರೆ ಕಡೆ ತಿರುಗಿತು. ಗೆಳತಿಗೆ ತಿನ್ನುವ ವಸ್ತು ಬೇಕಿತ್ತು. ಡ್ರೈ ಐಸ್ ಪಕ್ಕ ಇಟ್ಟ ದ್ರಾಕ್ಷಿ ಸೋಡಾ ತರ ಚುರುಗುಟ್ಟುತ್ತದೆ ಅಂತ ಅವಳು ಎಲ್ಲೋ ಕೇಳಿದ್ದಳು. ಮಗಳಿಗೆ ಅಷ್ಟು ಚಳಿಯಲ್ಲಿ ಹಣ್ಣು ಹೇಗೆ ಹೆಪ್ಪುಗಟ್ಟುತ್ತದೆ ಅನ್ನೋ ಕುತೂಹಲ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್, ಡ್ರೈ ಐಸ್ ಮೈನಸ್ 78.5. ಎಷ್ಟೊಂದು ವ್ಯತ್ಯಾಸ ಅಲ್ವಾ?

ಒಂದು ಭಾನುವಾರ ಟ್ರಯಲ್ ಮಾಡಿ ನೋಡೋಣ ಅಂದುಕೊಂಡೆವು. ಕಿಟಕಿ ಬಾಗಿಲು ಎಲ್ಲ ತೆರೆದಿಟ್ಟೆ. ದಪ್ಪ ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ, ಬರಿಗೈಯಲ್ಲಿ ಯಾರೂ ಮುಟ್ಟುವಂತಿಲ್ಲ. ಥರ್ಮಾಕೋಲ್ ಪೆಟ್ಟಿಗೆಯಿಂದ ಒಂದು ತುಂಡು ತೆಗೆದು ಅಡುಗೆಮನೆಯ ತಕ್ಕಡಿ ಮೇಲೆ ಹಲಗೆ ಹಾಕಿ ಇಟ್ಟರೆ, ಡಿಸ್‌ಪ್ಲೇ ಮೇಲಿನ ಅಂಕಿ ನಾವು ನೋಡ್ತಾ ಇದ್ದ ಹಾಗೇ ಒಂದೊಂದೇ ಗ್ರಾಂ ಇಳಿಯಿತು. ಅದು ನೇರವಾಗಿ ಅನಿಲವಾಗುತ್ತಿತ್ತು, ಕರಗಿ ಒಂದು ಹನಿ ನೀರೂ ಬೀಳಲಿಲ್ಲ. ಮಕ್ಕಳು ಹತ್ತು ನಿಮಿಷ ಅದನ್ನೇ ನೋಡ್ತಾ ಕೂತರು. ನಾಣ್ಯ ಒತ್ತಿದಾಗ ಅದು ಕಿರ್ರ್ ಅಂತ ಕಿರುಚಿದ್ದಕ್ಕಿಂತಲೂ ಈ ಇಳಿಯುವ ಅಂಕಿಯೇ ಅವರಿಗೆ ಜಾಸ್ತಿ ಹಿಡಿಸಿತು.

ಆ ಹೊತ್ತಿಗೇ ಒಂದು ಕೆಲಸ ಕೈಮೀರುತ್ತಿತ್ತು. ನಾನು ಟವೆಲ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗೆಳತಿ ಚೂರುಗಳನ್ನು ಅರ್ಧ ಲೀಟರ್ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಲು ಹೊರಟಿದ್ದಳು, ಆಮೇಲೆ ಬಳಸೋಕೆ ಎತ್ತಿಡೋಣ ಅಂತ. ಓಡಿ ಹೋಗಿ ಕಿತ್ತುಕೊಂಡೆ. ಒಂದು ಕಿಲೋ ಡ್ರೈ ಐಸ್ ಅನಿಲವಾದರೆ ಸುಮಾರು 540 ಲೀಟರ್ ಆಗುತ್ತದೆ. ಆ ಬಾಟಲಿಯಲ್ಲಿದ್ದದ್ದು ಬರೀ 30 ಗ್ರಾಂ ಅಂದುಕೊಂಡರೂ 16 ಲೀಟರ್, ಅಷ್ಟು ಅರ್ಧ ಲೀಟರ್ ಬಾಟಲಿಯಲ್ಲಿ ಎಲ್ಲಿ ಹಿಡಿಸಬೇಕು? ಸಿಡಿಯುತ್ತದೆ. ನನ್ನ ಕೈ ನಡುಗುತ್ತಿತ್ತು. ಬೈಯಲಿಲ್ಲ, ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿದೆ. ಅದೇ ಲೆಕ್ಕ ಈಗ ಅವರ ಚಾರ್ಟ್‌ನ ಮೊದಲ ಸಾಲು.

ದ್ರಾಕ್ಷಿಯನ್ನು ನೇರವಾಗಿ ಡ್ರೈ ಐಸ್ ಮೇಲೆ ಹಾಕಿದ್ದು ಮೊದಲ ತಪ್ಪು. ತಟ್ಟೆಗೆ ಸುರಿದರೆ ಗೋಲಿಗಳ ತರ ಟಣಟಣ ಅಂದವು. ಅಂಥದ್ದನ್ನು ಬಾಯಿಗೆ ಹಾಕಿದರೆ ನಾಲಿಗೆಗೆ ಅಂಟಿ ಸುಡುತ್ತದೆ, ಹಾಗಾಗಿ ಎತ್ತಿಟ್ಟೆವು. ಮತ್ತೆ ಮಗಳು ಹೇಳಿದಳು, "ಹೀಗೆ ಮಾಡಿದ್ರೆ ಚಳಿ ಏನು ಮಾಡ್ತು, ಗ್ಯಾಸ್ ಏನು ಮಾಡ್ತು ಅಂತ ಗೊತ್ತಾಗಲ್ಲ." ಇಡೀ ದಿನದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಮಾತು ಅದು. ಎರಡನ್ನೂ ಬೇರೆ ಬೇರೆ ಮಾಡಬೇಕಿತ್ತು.

ಹಾಗಾಗಿ ದ್ರಾಕ್ಷಿಗೆ ಬೇರೆ ಏರ್ಪಾಡು. ಪೆಟ್ಟಿಗೆಯ ತಳದಲ್ಲಿ ಡ್ರೈ ಐಸ್, ಮೇಲೆ ಮಡಚಿದ ದಪ್ಪ ಟವೆಲ್, ಅದರ ಮೇಲೆ ದ್ರಾಕ್ಷಿ, ಮುಚ್ಚಳ ಸ್ವಲ್ಪ ಸಡಿಲ. ಹಣ್ಣು ಕಲ್ಲಾಗಬಾರದು, ಆದ್ರೆ ಅನಿಲ ಒಳಗಿನ ರಸದಲ್ಲಿ ಕರಗಬೇಕು. ತಣ್ಣಗಿದ್ದಷ್ಟೂ ಅದು ರಸದಲ್ಲಿ ಚೆನ್ನಾಗಿ ಕರಗುತ್ತದೆ. ಹೋಲಿಕೆಗೆ ಫ್ರಿಜ್‌ನಲ್ಲಿ ಅಷ್ಟೇ ದ್ರಾಕ್ಷಿ. ರಾತ್ರಿ ತಿಂದು ನೋಡಿದಾಗ ನಾಲಿಗೆ ತುದಿಯಲ್ಲಿ ಸಣ್ಣಗೆ ಚುಚ್ಚಿದ ಹಾಗೆ, ಸ್ವಲ್ಪ ಹುಳಿ ಕೂಡ. ಅನಿಲ ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲ ಆಗುವುದರಿಂದ ಆ ಹುಳಿ.

ಸ್ಟ್ರಾಬೆರಿಗೆ ಇದರ ಉಲ್ಟಾ, ಚಳಿ ಮಾತ್ರ ಬೇಕು. ತೆಳ್ಳಗಿನ ಸ್ಟೀಲ್ ಡಬ್ಬಿಯಲ್ಲಿ ಹಣ್ಣು ಹಾಕಿ ಮುಚ್ಚಿ, ಡಬ್ಬಿಯ ಹೊರಗೆ ಸುತ್ತಲೂ ಡ್ರೈ ಐಸ್ ಚೂರು ತುಂಬಿದೆವು. ಅಷ್ಟೇ ತೂಕದ ಇನ್ನೊಂದು ಡಬ್ಬಿ ಫ್ರೀಜರ್‌ಗೆ. ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ದೊಡ್ಡ ಹರಳು ಬೆಳೆದು ಹಣ್ಣಿನ ಕೋಶಗಳ ಗೋಡೆ ಹರಿಯುತ್ತದೆ, ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣವು. ಮಾರನೇ ದಿನ ಎರಡನ್ನೂ ಜರಡಿಯಲ್ಲಿಟ್ಟು ಕರಗಲು ಬಿಟ್ಟು, ಕೆಳಗೆ ಒಂದೊಂದು ತಟ್ಟೆ. ಫ್ರೀಜರ್ ಹಣ್ಣಿನ ಕೆಳಗಿನ ತಟ್ಟೆಯಲ್ಲಿ ಕೆಂಪು ನೀರು ನಿಂತಿತ್ತು, ಹಣ್ಣು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಇನ್ನೊಂದು ತಟ್ಟೆಯಲ್ಲೂ ನೀರಿತ್ತು, ಆದ್ರೆ ಕಡಿಮೆ.

ಒಂದೇ ಸಲ ನೋಡಿ ಚಾರ್ಟ್‌ನಲ್ಲಿ ಬರೆಯೋದು ಬೇಡ ಅಂದೆ. ಮೂರು ಸಲ ಮಾಡಬೇಕು, ಪ್ರತಿ ಸಲ ಹಣ್ಣಿನ ಗಾತ್ರ ಹೆಚ್ಚುಕಡಿಮೆ ಒಂದೇ ಇರಬೇಕು. ಫೇರ್‌ನಲ್ಲಿ ಯಾರಿಗೂ ತಿನ್ನಲು ಕೊಡುವುದಿಲ್ಲ ಅಂತಲೂ ನಿರ್ಧಾರವಾಯಿತು. ಡ್ರೈ ಐಸ್ ಹಿಂದಿನ ದಿನ ತಂದಿಟ್ಟರೆ ಪೆಟ್ಟಿಗೆಯಲ್ಲೇ ಅನಿಲವಾಗಿ ಗಾಳಿ ಸೇರುತ್ತದೆ, ಅದಕ್ಕೆ ಅವತ್ತು ಬೆಳಿಗ್ಗೆಯೇ ತರಬೇಕು, ಕಾರಿನ ಕಿಟಕಿ ತೆರೆದೇ ತರಬೇಕು.

ಸಂಜೆ ಮಗಳು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಮೂರು ಸಾಲು ಮಾಡಿದಳು. ಮೊದಲ ತೂಕ, ಕರಗಿದ ಮೇಲಿನ ತೂಕ, ಸೋರಿದ ನೀರು. ಮೊದಲ ಸಲದ ಅಂಕಿ ಬರೆದು, ಉಳಿದ ಎರಡು ಸಲಕ್ಕೆ ಜಾಗ ಖಾಲಿ ಬಿಟ್ಟಳು.