ಐದು ದಿನದ ಲೆಕ್ಕ ಮತ್ತು ದಾವಣಗೆರೆಯ ಬಿಸಿಲು

ಪ್ರಯೋಗಾಲಯದ ಪುಟ್ಟ ಮೀನಾದ ಜೀಬ್ರಾಮೀನಿನ ಭ್ರೂಣ ಸಾಕುವವರ ಬಾಯಲ್ಲಿ ಸದಾ ಕೇಳುವ ಮಾತು 'ಐದು ದಿನ'. ಮರಿ ತಾನಾಗಿ ತಿನ್ನತೊಡಗುವ ತನಕ, ಅಂದರೆ ಸುಮಾರು ಐದು ದಿನ, ಅದು ಪ್ರಾಣಿಪ್ರಯೋಗದ ಲೆಕ್ಕಕ್ಕೆ ಬರುವುದಿಲ್ಲ ಎಂಬ ಯುರೋಪಿನ 2010ರ ನಿಯಮದಿಂದ ಬಂದ ರೂಢಿ ಇದು. ನಮ್ಮ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಂತೂ ಮನುಷ್ಯನನ್ನು ಬಿಟ್ಟು ಜೀವವಿರುವುದೆಲ್ಲ ಪ್ರಾಣಿಯೇ. ಹಾಗಾಗಿ ಮೊಟ್ಟೆ ಇಡಿಸುವ ಮೊದಲೇ ಸಂಸ್ಥೆಯ ನೈತಿಕ ಸಮಿತಿಯನ್ನು ಲಿಖಿತವಾಗಿ ಕೇಳಿ.

ಆ ಐದು ದಿನವೂ 28.5 ಡಿಗ್ರಿಗೆ ಮಾತ್ರ ಸರಿ. ಏಪ್ರಿಲ್‌ನಲ್ಲಿ ದಾವಣಗೆರೆಯ ಕೋಣೆಯೊಳಗೇ ಅದಕ್ಕಿಂತ ಹೆಚ್ಚು ಸೆಕೆ. ಬರೀ ಬಿಸಿ ಮಾಡುವ ಇನ್‌ಕ್ಯುಬೇಟರ್ ತಂಪು ಮಾಡಲಾರದು. ಬಿಸಿ, ತಂಪು ಎರಡನ್ನೂ ಮಾಡುವ ಬಿಒಡಿ ಇನ್‌ಕ್ಯುಬೇಟರ್ ಬೇಕು, ಕರೆಂಟ್ ಹೋದಾಗ ಅದಕ್ಕೆ ಯುಪಿಎಸ್ ಬೇಕು. 33 ಡಿಗ್ರಿ ದಾಟಿದರೆ ಭ್ರೂಣಗಳು ಸೊಟ್ಟಗೆ ಬೆಳೆಯುತ್ತವೆ. ಅದಕ್ಕಿಂತ ಕಡಿಮೆ ಸೆಕೆಯಲ್ಲೂ ಬೆಳವಣಿಗೆ ಕ್ಯಾಲೆಂಡರನ್ನು ಹಿಂದೆ ಹಾಕುತ್ತದೆ. ದಿನ ಎಣಿಸಬೇಡಿ, ಹಂತ ನೋಡಿ: ಗಾಳಿಚೀಲ ಉಬ್ಬಿದೆಯೇ, ದವಡೆ ಆಡುತ್ತಿದೆಯೇ?

ನೀರಿನದು ಇನ್ನೊಂದು ತಾಪತ್ರಯ. ಚಿತ್ರದುರ್ಗ, ದಾವಣಗೆರೆಯ ಬೋರ್‌ವೆಲ್ ನೀರು ಗಡಸು, ಹಲವೆಡೆ ಫ್ಲೋರೈಡ್ ಕೂಡ ಇದೆ. ಅದರ ಬದಲು ಡಿಸ್ಟಿಲ್ಡ್ ನೀರಿಗೆ ಲೀಟರಿಗೆ ಅಡುಗೆ ಉಪ್ಪಿನದೇ ಶುದ್ಧ ರೂಪವಾದ ಸೋಡಿಯಂ ಕ್ಲೋರೈಡ್ 0.29 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 13 ಮಿಲಿಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 49 ಮಿಲಿಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 81 ಮಿಲಿಗ್ರಾಂ ಸೇರಿಸಿದರೆ ಭ್ರೂಣ ಸಾಕುವ ಇ3 ದ್ರಾವಣ ಸಿದ್ಧ. ಹತ್ತು ಸೆಂಟಿಮೀಟರ್ ತಟ್ಟೆಗೆ ಸುಮಾರು ಐವತ್ತು ಭ್ರೂಣ ಸಾಕು. ಸತ್ತು ಬಿಳುಚಿದವನ್ನು ಅದೇ ದಿನ ತೆಗೆಯಿರಿ. ಒಂದು ಕೊಳೆತರೆ ತಟ್ಟೆಯೇ ಹಾಳು, ಮತ್ತೆ ತಾಯಿಮೀನುಗಳಿಂದ ಮೊಟ್ಟೆ ಇಡಿಸಬೇಕಾಗುತ್ತದೆ. ವ್ಯರ್ಥವಾಗುವ ಇಂಥ ಜೀವಗಳೇ ನನ್ನನ್ನು ಹೆಚ್ಚು ಕಾಡುವುದು.

ಕಪ್ಪೆಯ ವಿಷಯದಲ್ಲಿ ಒಂದೇ ಮಾತು: ಮುಂಗಾರು ಬಿದ್ದೊಡನೆ ಭದ್ರಾ ನಾಲೆಯ ಗದ್ದೆಗಳಲ್ಲಿ ತೇಲುವ ಮೊಟ್ಟೆಗಳಿಗೆ ಕೈ ಹಾಕಬೇಡಿ. ಪ್ರಯೋಗಾಲಯದಲ್ಲಿ ಸಾಕಿದ ಜೆನೋಪಸ್ ಎಂಬ ಆಫ್ರಿಕಾದ ಕಪ್ಪೆ ಬಳಸಿ. ಮೊಟ್ಟೆ ಇಡಿಸಲು ಒಮ್ಮೆ ಹಾರ್ಮೋನ್ ಚುಚ್ಚಿದ ಹೆಣ್ಣಿಗೆ ಕನಿಷ್ಠ ಮೂರು ತಿಂಗಳು ಬಿಡುವು ಕೊಡಿ. ಅದರ ಗೊದಮೊಟ್ಟೆ 23 ಡಿಗ್ರಿಯಲ್ಲಿ ನಾಲ್ಕೇ ದಿನಕ್ಕೆ ತಿನ್ನತೊಡಗುತ್ತದೆ, ಮೀನಿನ ಲೆಕ್ಕ ಇಲ್ಲಿ ನಡೆಯದು.

ಮೀನಿನ ಮರಿಗಳನ್ನು ಕೊನೆಗಾಣಿಸುವಾಗ ಟ್ರೈಕೇನ್ ಎಂಬ ಅರಿವಳಿಕೆ ದ್ರಾವಣದ ಹುಳಿಯನ್ನು ಸೋಡಿಯಂ ಬೈಕಾರ್ಬನೇಟ್ ಹಾಕಿ ಪಿಎಚ್ 7ಕ್ಕೆ ತನ್ನಿ, ಇಲ್ಲದಿದ್ದರೆ ಆ ಹುಳಿಯೇ ಮರಿಯನ್ನು ಸುಡುತ್ತದೆ. ಮರಿಗಳು ಚರ್ಮದಿಂದಲೂ ಆಮ್ಲಜನಕ ಹೀರುವುದರಿಂದ ಅಲುಗಾಟ ನಿಂತ ಮೇಲೂ ಬದುಕಿರಬಹುದು. ಅಲ್ಲಿಗೇ ಬಿಡದೆ ಬ್ಲೀಚ್ ದ್ರಾವಣಕ್ಕೆ ಹಾಕಿ, ಎದೆಬಡಿತ ನಿಂತಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ. ಉಳಿದವನ್ನು ಕುಂದವಾಡ ಕೆರೆಗಾಗಲಿ ಬೇರಾವ ಕೆರೆಗಾಗಲಿ ಬಿಡಬೇಡಿ. ರೋಗವೂ ಜೊತೆಗೇ ಹೋಗುತ್ತದೆ.